ಗುಂಡಿ ಡಬ್ಬಿಯ ಹಿತ್ತಾಳೆ

ಹೊಲಿಗೆ ಯಂತ್ರ ಇರುವ ಮನೆಯಲ್ಲೆಲ್ಲ ಒಂದು ಗುಂಡಿ ಡಬ್ಬಿ ಇದ್ದೇ ಇರುತ್ತದೆ. ನಮ್ಮ ಮನೆಯದು ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ. ಹರಿದ ಅಂಗಿಯನ್ನು ನೆಲ ಒರೆಸುವ ಬಟ್ಟೆ ಮಾಡುವ ಮೊದಲು ಕತ್ತರಿಸಿ ಇಟ್ಟುಕೊಂಡ ಗುಂಡಿಗಳು, ಜೋಡಿ ಕಳೆದುಕೊಂಡ ಹುಕ್ಕುಗಳು, ತುಕ್ಕು ಹಿಡಿದ ಪಿನ್ನುಗಳು, ಯಾವ ಬೀಗದ್ದೋ ಮರೆತುಹೋದ ಒಂದು ಬೀಗದ ಕೈ, ಮಗ ಚಿಕ್ಕವನಿದ್ದಾಗ ಆಡುತ್ತಿದ್ದ ಒಂದು ಗೋಲಿ, ಹೀಗೆ ಎಸೆಯಲು ಮನಸ್ಸು ಬಾರದ್ದೆಲ್ಲ ಅದರ ಪಾಲು. ನಮ್ಮವರು ಅದನ್ನು ‘ನಿನ್ನ ಲಾಕರ್’ ಎಂದು ಹಾಸ್ಯ ಮಾಡುತ್ತಿದ್ದರು. ಬ್ಯಾಂಕಿನಲ್ಲಿದ್ದವರು, ಅವರಿಗೆ ಎಲ್ಲದರಲ್ಲೂ ಬ್ಯಾಂಕೇ ಕಾಣುತ್ತಿತ್ತು.

ಆ ಡಬ್ಬಿಯಲ್ಲಿ ಹದಿನಾರು ವರ್ಷ ಒಂದು ಹಿತ್ತಾಳೆಯ ಚೂರು ಬಿದ್ದಿತ್ತು. ಕಡಲೆಕಾಳಿನಷ್ಟು ಗಾತ್ರ. ಒಂದು ಕಡೆ ಸ್ಕ್ರೂವಿಗಿರುವಂತೆ ಸುತ್ತು ಗೆರೆ, ನಡುವೆ ಹೊಲಿಗೆಯ ಸೂಜಿ ಮಾತ್ರ ತೂರಬಹುದಾದ ಒಂದು ತೂತು. ಸೀಮೆಎಣ್ಣೆಯ ಪಂಪ್ ಸ್ಟೌ ಹಚ್ಚಿ ಅಡಿಗೆ ಮಾಡಿದ ಯಾವ ಹೆಂಗಸೂ ಅದನ್ನು ಕಂಡರೆ ‘ಇದು ಸ್ಟೌವಿನ ನಿಪ್ಪಲ್ಲು’ ಎಂದೇ ಹೇಳಿಯಾಳು. ನಾನೂ ಹಾಗೇ ಅಂದುಕೊಂಡೆ, ಅಥವಾ ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು. ನಮ್ಮ ಮನೆಯ ಪಂಪ್ ಸ್ಟೌ ಗುಜರಿಗೆ ಹೋಗಿ ಆ ಹೊತ್ತಿಗೆ ಹತ್ತು ವರ್ಷವಾಗಿತ್ತು ಎಂಬುದನ್ನು ನಾನು ಯೋಚಿಸಲಿಲ್ಲ.

ಅದು ಸ್ಟೌವಿನದಲ್ಲ, ನಮ್ಮ ಮೋಟಾರ್ ಸೈಕಲ್ಲಿನದು.

1994ರಲ್ಲಿ ನಮ್ಮವರು ಬ್ಯಾಂಕಿನ ಸಾಲ ತೆಗೆದು ಯಮಹಾ ಆರ್‌ಎಕ್ಸ್ 100 ಕೊಂಡರು. ಈಗ ನಲವತ್ತೈದು ಐವತ್ತು ದಾಟಿದ ಗಂಡಸರ ಮುಂದೆ ಆ ಹೆಸರು ಹೇಳಿ ನೋಡಿ, ಮುಖ ಅರಳುತ್ತದೆ. 1985ರಲ್ಲಿ ಬಂದು 1996ರಲ್ಲಿ ತಯಾರಿಕೆ ನಿಂತುಹೋದ ಗಾಡಿ ಅದು. ಎಂಜಿನ್ನು ನೂರು ಸಿಸಿಗೂ ಎರಡು ಕಡಿಮೆ, ಆದರೆ ಎರಡು ಸ್ಟ್ರೋಕಿನದಾದ್ದರಿಂದ ಹನ್ನೊಂದು ಕುದುರೆಗಳ ಬಲ. ಅದರ ಸದ್ದು ಕೇಳಿಯೇ ಹುಡುಗರು ಬೀದಿಗೆ ಬರುತ್ತಿದ್ದರು. ಇಂಥ ಗಾಡಿಯನ್ನು ನಮ್ಮವರು ನಲವತ್ತರ ವೇಗ ದಾಟಿಸಿದ್ದನ್ನು ನಾನು ಕಂಡಿಲ್ಲ. ಕುದುರೆ ಕೊಂಡು ಎತ್ತಿನ ಗಾಡಿಗೆ ಕಟ್ಟಿದ ಹಾಗೆ ಎಂದು ನನ್ನ ತಮ್ಮ ನಗುತ್ತಿದ್ದ.

ಗಾಡಿಯ ಜೊತೆಗೆ ಒಂದು ನೋಟ್ ಬುಕ್ಕೂ ಬಂತು. ಪೆಟ್ರೋಲ್ ಹಾಕಿಸಿದ ದಿನಾಂಕ, ಎಷ್ಟು ಲೀಟರ್, ಮೀಟರಿನಲ್ಲಿ ಎಷ್ಟು ಕಿಲೋಮೀಟರ್, ಭಾಗಿಸಿದರೆ ಎಷ್ಟು ಎಂದು ನಾಲ್ಕು ಕಲಮು ಗೆರೆ ಹಾಕಿ ನೀಲಿ ಶಾಯಿಯಲ್ಲಿ ಬರೆಯುತ್ತಿದ್ದರು. ಐದನೆಯ ಕಲಮು ಷರಾ. ‘ಚಕ್ರಕ್ಕೆ ಗಾಳಿ ಕಡಿಮೆ ಇತ್ತು’, ‘ಹಾಸನಕ್ಕೆ ಹೋಗಿ ಬಂದದ್ದು’, ‘ಇವಳನ್ನು ಕೂರಿಸಿಕೊಂಡು’ ಎಂಬಂಥವು. ನನ್ನ ತೂಕವೂ ಲೆಕ್ಕಕ್ಕೆ ಬರುತ್ತಿತ್ತು ಅಂತಾಯಿತು. ಲೀಟರಿಗೆ 44, 45, 44. ವರ್ಷಗಟ್ಟಲೆ ಅದೇ ಸಂಖ್ಯೆ. ಆ ಪುಸ್ತಕ ಓದುತ್ತ ಹೋದರೆ ಒಳ್ಳೆಯ ಸಂಸಾರವೊಂದನ್ನು ನೋಡಿದ ಹಾಗಾಗುತ್ತದೆ.

ಗಾಡಿಯನ್ನು ನೋಡಿಕೊಳ್ಳುತ್ತಿದ್ದವರು ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಅಂಗಡಿ ಇಟ್ಟಿದ್ದ ಒಬ್ಬ ಮೇಸ್ತ್ರಿ. ಸಾಬರು. ನಮ್ಮವರಿಗಿಂತ ಐದಾರು ವರ್ಷ ಚಿಕ್ಕವರು. ನಮ್ಮ ಅರಸೀಕೆರೆಯಲ್ಲಿ ಎರಡು ಸ್ಟ್ರೋಕಿನ ಗಾಡಿ ಎಂದರೆ ಅವರದೇ ಕೈ ಆಗಬೇಕಿತ್ತು. ಯುಗಾದಿಗೆ ಅವರ ಮನೆಗೆ ನಮ್ಮ ಮನೆಯ ಒಬ್ಬಟ್ಟು ಹೋಗುತ್ತಿತ್ತು, ರಂಜಾನಿಗೆ ಅವರ ಮನೆಯಿಂದ ಸುರ್ಕುಂಬ ಬರುತ್ತಿತ್ತು. ಪಾತ್ರೆಯನ್ನು ಬರಿದಾಗಿ ಹಿಂದಕ್ಕೆ ಕಳಿಸಬಾರದೆಂದು ನಾನು ನಾಲ್ಕು ನಿಂಬೆಹಣ್ಣೋ ಒಂದು ಹಿಡಿ ಕಡಲೆಯೋ ಹಾಕಿ ಕೊಡುತ್ತಿದ್ದೆ.

2008ರ ಏಪ್ರಿಲ್‌ನಲ್ಲಿ ಆ ಪುಸ್ತಕದಲ್ಲಿ 45 ಇದ್ದದ್ದು 33 ಆಯಿತು.

ನಮ್ಮವರು ಮೊದಲು ಪೆಟ್ರೋಲ್ ಬಂಕಿನವರನ್ನು ಸಂಶಯಿಸಿದರು. ಬಂಕ್ ಬದಲಾಯಿಸಿದರು. ಮತ್ತೆ 33. ಅದಕ್ಕೆ ಹದಿನೈದು ದಿನ ಮುಂಚೆ ಮೇಸ್ತ್ರಿ ಎಂಜಿನ್ ತಲೆ ಬಿಚ್ಚಿ, ಸೈಲೆನ್ಸರ್ ಸುಟ್ಟು, ಒಳಗಿನ ಮಸಿಯನ್ನೆಲ್ಲ ಕೆರೆದು ಕೊಟ್ಟಿದ್ದರು. ಎರಡು ಸ್ಟ್ರೋಕಿನ ಗಾಡಿಯಲ್ಲಿ ಪೆಟ್ರೋಲಿನ ಜೊತೆ ಎಣ್ಣೆಯೂ ಉರಿಯುವುದರಿಂದ ಆಗಾಗ ಈ ಕೆಲಸ ಮಾಡಿಸಬೇಕು. ‘ಅವನೇ ಏನೋ ಒಳಗಿನ ಒರಿಜಿನಲ್ ಭಾಗ ತೆಗೆದುಕೊಂಡು ಡೂಪ್ಲಿಕೇಟ್ ಹಾಕಿದ್ದಾನೆ’ ಎಂದು ನಮ್ಮವರು ತೀರ್ಮಾನಿಸಿದರು. ಅವರ ಲೆಕ್ಕ ಯಾವತ್ತೂ ತಪ್ಪುತ್ತಿರಲಿಲ್ಲ. ಈ ಲೆಕ್ಕದಲ್ಲೂ ಅರ್ಧ ಸರಿಯೇ ಇತ್ತು. ಒಳಗೆ ಡೂಪ್ಲಿಕೇಟ್ ಇತ್ತು.

ಮೇಸ್ತ್ರಿ ನಮ್ಮ ಮನೆಯ ಗೇಟಿನ ಹತ್ತಿರ ನಿಂತು, ‘ಕಾರ್ಬುರೇಟರ್ ಬಿಚ್ಚಿ ನೋಡ್ತೀನಿ ಸಾರ್’ ಎಂದರು. ನಮ್ಮವರು ಒಳಗೆ ಹೋಗಿ ಹೊಗೆ ಪರೀಕ್ಷೆಯ ಚೀಟಿ ತಂದರು. ಆ ವಾರವಷ್ಟೇ ಮಾಡಿಸಿದ್ದು, ಪಾಸಾಗಿತ್ತು. ‘ಕಾರ್ಬುರೇಟರ್ ಸರಿಯಾಗಿದೆ ಅಂತ ಸರ್ಕಾರದ ಚೀಟಿಯೇ ಇದೆ. ಇನ್ನು ಅದನ್ನೂ ಬಿಚ್ಚಿ ಅದರದ್ದೇನು ಕದೀಬೇಕು?’ ಎಂದುಬಿಟ್ಟರು. ಬಾಗಿಲಲ್ಲಿ ನಿಂತಿದ್ದ ನನಗೆ ಆ ಮಾತು ಕೇಳಿಸಿತು. ಮೇಸ್ತ್ರಿ ಏನೂ ಹೇಳದೆ ಸೈಕಲ್ ತಿರುಗಿಸಿಕೊಂಡು ಹೋದರು. ಆ ವರ್ಷದ ರಂಜಾನಿಗೆ ಪಾತ್ರೆ ಬರಲಿಲ್ಲ.

ಆಮೇಲೆ ಇಬ್ಬರು ಮೂವರು ಮೆಕ್ಯಾನಿಕ್ಕರು ಗಾಡಿ ನೋಡಿದರು. ಹೊರಗಿನ ಒಂದು ಸ್ಕ್ರೂ ಅತ್ತ ಇತ್ತ ತಿರುಗಿಸಿ ನೂರಿನ್ನೂರು ಇಸಿದುಕೊಂಡರು. 33 ಅಲ್ಲೇ ನಿಂತಿತು. ನಮ್ಮವರು ಬರೆಯುವುದನ್ನಂತೂ ಬಿಡಲಿಲ್ಲ. 2019ರಲ್ಲಿ ಅವರು ಹೋದ ಮೇಲೆ ಗಾಡಿಯನ್ನು ಹಿತ್ತಲಿನ ಶೀಟ್ ಮನೆಯಲ್ಲಿ ನಿಲ್ಲಿಸಿ ಟಾರ್ಪಾಲು ಹೊದಿಸಿದೆವು.

2024ರ ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ಮಗ ಫೋನ್ ಮಾಡಿದ. ಅವನ ಆಫೀಸಿನಲ್ಲಿ ಒಬ್ಬರಿಗೆ ಹಳೆಯ ಆರ್‌ಎಕ್ಸ್ 100 ಬೇಕಂತೆ. ಆಗ ನಾವು ಕೊಟ್ಟದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ದುಡ್ಡು ಕೊಡುತ್ತಾರಂತೆ. ಆದರೆ ಎಲ್ಲ ಭಾಗವೂ ಕಂಪನಿಯದೇ ಇರಬೇಕು, ಕಾರ್ಬುರೇಟರಿನ ಜೆಟ್ಟು ಸಮೇತ. ‘ನೀನು ಎಲ್ಲಾ ಒರಿಜಿನಲ್ ಅಂತ ಹೇಳಿಬಿಡಮ್ಮ, ಯಾರು ಬಿಚ್ಚಿ ನೋಡ್ತಾರೆ’ ಎಂದ. ಹೇಳಿ ಒಂದು ಕ್ಷಣ ಸುಮ್ಮನಾದ. ಮೂವತ್ತಮೂರು ವರ್ಷ ಅವನ ದನಿ ಕೇಳಿದವಳು ನಾನು. ಆ ಒಂದು ಕ್ಷಣ ನನಗೆ ಸರಿ ಬರಲಿಲ್ಲ.

ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಲು ನನಗಾಗದು. ಯಾರನ್ನಾದರೂ ಕೇಳಬೇಕಿತ್ತು. ನಮ್ಮ ಬೀದಿಯ ತುದಿಯ ಹುಡುಗನನ್ನು ಕರೆದೆ. ನನ್ನ ಶಿಷ್ಯನೇ, ಚೊಕ್ಕ ಕೆಲಸಗಾರ. ಅವನು ಟಾರ್ಪಾಲು ಎತ್ತಿ ನೋಡಿ ಕೈಮುಗಿದ. ‘ಮಿಸ್, ನಂದೆಲ್ಲ ಹೊಸ ಗಾಡಿ. 2020ರಿಂದ ಈಚಿನವಕ್ಕೆ ಕಾರ್ಬುರೇಟರೇ ಇಲ್ಲ ಅನ್ನಿ, ಕಂಪ್ಯೂಟರ್ ನೋಡಿಕೊಂಡು ಪೆಟ್ರೋಲ್ ಚಿಮ್ಮಿಸುತ್ತೆ. ಇದಕ್ಕೆ ಸ್ಟೇಷನ್ ರೋಡ್ ಮೇಸ್ತ್ರೀನೇ ಆಗಬೇಕು’ ಎಂದ.

ಎರಡು ದಿನ ಸುಮ್ಮನೆ ಕೂತೆ. ಮೂರನೆಯ ದಿನ ಆ ಹುಡುಗನಿಂದಲೇ ಗಾಡಿ ತಳ್ಳಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲಿ ವಾಕ್ಯ ಕಟ್ಟಿದೆ. ಅಲ್ಲಿ ಹೋದಾಗ ಒಂದೂ ನೆನಪಿಗೆ ಬರಲಿಲ್ಲ. ಮೇಸ್ತ್ರಿಯ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಗಾಡಿಯನ್ನು ನೋಡಿದರು, ನನ್ನನ್ನು ನೋಡಿದರು, ಸ್ಟೂಲು ಒರೆಸಿ ಮುಂದಿಟ್ಟರು. ‘ಯಜಮಾನ್ರು ಹೋದದ್ದು ಗೊತ್ತಾಯ್ತು ಟೀಚರಮ್ಮ’ ಎಂದರು. ಬಂದದ್ದೇಕೆ ಎಂದು ಕೇಳಲಿಲ್ಲ. ನಾನೇ ಹೇಳಿದೆ, ಜೆಟ್ಟು ಕಂಪನಿಯದೋ ಅಲ್ಲವೋ ನೋಡಬೇಕು ಎಂದು.

ಅವರು ಕಾರ್ಬುರೇಟರ್ ಕಳಚಿ ಹಳೆಯ ಪೇಪರಿನ ಮೇಲಿಟ್ಟರು. ನನ್ನ ಮುಷ್ಟಿಯಷ್ಟಿತ್ತು. ಬಿಚ್ಚುವ ಮೊದಲು ತಳದ ಬಟ್ಟಲಿನ ಸ್ಕ್ರೂಗಳನ್ನು ನನಗೆ ತೋರಿಸಿದರು. ಎರಡರ ತಲೆಯ ಗೀರು ಕಿತ್ತುಹೋಗಿತ್ತು. ಅಳತೆಗೆ ಕೂರದ ಸ್ಕ್ರೂಡ್ರೈವರಿನಲ್ಲಿ ಬಲವಂತ ಮಾಡಿದರೆ ಹಾಗಾಗುತ್ತದಂತೆ. ‘ನನ್ನದು ನೋಡಿ’ ಎಂದು ತಮ್ಮ ಸ್ಕ್ರೂಡ್ರೈವರ್ ಇಟ್ಟರು. ತುದಿಯನ್ನು ಆ ಗೀರಿಗೆ ಸರಿಯಾಗಿ ಸಾಣೆ ಹಿಡಿದುಕೊಂಡಿದ್ದರು. ‘ಕೈ ನಡುಗೋರು ಮಾಡಿದ ಕೆಲಸ ಇದು. ಹೆದರಿಕೊಂಡು, ಬೇಗ ಬೇಗ.’

ಕಾರ್ಬುರೇಟರಿನ ಗುಟ್ಟನ್ನು ಅವರು ನನಗೆ ಹೇಳಿದ್ದು ಅವರ ಭಾಷೆಯಲ್ಲಿ. ನನಗೆ ಅರ್ಥವಾದದ್ದು ಅಡಿಗೆ ಮನೆಯ ಭಾಷೆಯಲ್ಲಿ. ತಳದ ಬಟ್ಟಲಿನಲ್ಲಿ ಪೆಟ್ರೋಲ್ ನಿಂತಿರುತ್ತದೆ. ಅದರಲ್ಲಿ ತೇಲುವ ಒಂದು ಬೆಂಡು ಮಟ್ಟ ಏರಿದಾಗ ದಾರಿ ಮುಚ್ಚುತ್ತದೆ, ಇಳಿದಾಗ ತೆರೆಯುತ್ತದೆ. ಮನೆಯ ಮೇಲಿನ ಸಿಂಟೆಕ್ಸ್ ಟ್ಯಾಂಕಿನ ಹಾಗೆಯೇ. ಮೇಲಿನ ಇಕ್ಕಟ್ಟಾದ ಕೊಳವೆಯಲ್ಲಿ ಗಾಳಿ ರಭಸದಿಂದ ಹೋಗುವಾಗ ಅಲ್ಲಿ ಒತ್ತಡ ಕಡಿಮೆಯಾಗಿ ಪೆಟ್ರೋಲ್ ಮೇಲಕ್ಕೆ ಸೆಳೆಯಲ್ಪಡುತ್ತದೆ. ಎಷ್ಟು ಮೇಲೆ ಬರಬೇಕು ಎಂಬುದನ್ನು ಹಿತ್ತಾಳೆಯ ತೂತುಗಳು ತೀರ್ಮಾನಿಸುತ್ತವೆ. ಅವೇ ಜೆಟ್ಟುಗಳು. ಗಾಡಿ ನಿಂತಲ್ಲೇ ಗುಟುರು ಹಾಕುವಾಗ ಚಿಕ್ಕ ಪೈಲಟ್ ಜೆಟ್ಟಿನ ಆಳ್ವಿಕೆ. ಆಕ್ಸಿಲೇಟರ್ ಪೂರ್ತಿ ತಿರುಗಿಸಿದಾಗ ಮೇನ್ ಜೆಟ್ಟಿನದು. ನಡುವಿನ ಓಟಕ್ಕೆ, ಅಂದರೆ ನಮ್ಮಂಥವರ ಇಡೀ ಜೀವಮಾನದ ಓಟಕ್ಕೆ, ಒಂದು ಉದ್ದನೆಯ ನೀಡಲ್. ಅದು ತೂತಿನೊಳಗೆ ಇಳಿಬಿದ್ದಿರುತ್ತದೆ. ಮೇಲೆದ್ದಷ್ಟೂ ಪೆಟ್ರೋಲ್ ಹೆಚ್ಚು.

ಪೆಟ್ರೋಲ್ ಹೆಚ್ಚಾದರೆ ಪ್ಲಗ್ಗಿಗೆ ಮಸಿ. ಗ್ಯಾಸ್ ಒಲೆಯಲ್ಲಿ ಗಾಳಿ ಸಾಲದೆ ಹಳದಿ ಉರಿ ಎದ್ದಾಗ ಪಾತ್ರೆಯ ತಳ ಕಪ್ಪಾಗುವುದಿಲ್ಲವೇ, ಅದೇ. ಹದವಾಗಿದ್ದರೆ ಪ್ಲಗ್ಗಿನ ತುದಿ ಕಾಫಿಪುಡಿಯ ಬಣ್ಣ. ಪೆಟ್ರೋಲ್ ಸಾಲದಿದ್ದರೆ ಬಿಳಿ, ಅದು ಅಪಾಯದ ಬಣ್ಣ. ನಮ್ಮ ಗಾಡಿಯ ಪ್ಲಗ್ಗು ದೀಪದ ಕಾಡಿಗೆ ಹಚ್ಚಿದ ಹಾಗಿತ್ತು.

‘ಹಾಗಾದರೆ ಆವತ್ತು ಹೊಗೆ ಪರೀಕ್ಷೆ ಪಾಸಾಗಿದ್ದು ಹೇಗೆ?’ ಎಂದು ಕೇಳಿದೆ. ಮೇಸ್ತ್ರಿ ಮೊದಲ ಸಲ ಸ್ವಲ್ಪ ನಕ್ಕರು. ಗಾಡಿಯನ್ನು ನಿಲ್ಲಿಸಿ, ಆಕ್ಸಿಲೇಟರ್ ಮುಟ್ಟದೆ, ಸುಮ್ಮನೆ ಗುಟುರು ಹಾಕುತ್ತಿರುವಾಗ ಸೈಲೆನ್ಸರಿಗೆ ಕೊಳವೆ ಇಟ್ಟು ನೋಡುತ್ತಾರೆ. ಆಗ ಕೆಲಸ ಮಾಡುವುದು ಪೈಲಟ್ ಜೆಟ್ಟು ಮಾತ್ರ. ಅದನ್ನು ಯಾರೂ ಮುಟ್ಟಿರಲಿಲ್ಲ. ಇನ್ಸ್‌ಪೆಕ್ಟರು ಬಂದ ದಿನ ಕೈಕಟ್ಟಿ ಕೂತ ಹುಡುಗರನ್ನು ನೋಡಿ ಶಾಲೆ ಬಹಳ ಶಿಸ್ತಿನದು ಎಂದು ಬರೆದುಹೋದ ಹಾಗೆ. ನಮ್ಮವರು ಕೈಯಲ್ಲಿ ಹಿಡಿದು ಆಡಿಸಿದ ಚೀಟಿ ಸುಳ್ಳಲ್ಲ. ಆದರೆ ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ.

ಬಟ್ಟಲು ಬಿಚ್ಚಿದರು. ಮೇನ್ ಜೆಟ್ಟನ್ನು ತಿರುಗಿಸಿ ತೆಗೆದು ಅಂಗೈ ಮೇಲಿಟ್ಟುಕೊಂಡು, ‘ಕಣ್ಣು ಸಾಲದು, ನೀವು ಓದಿ’ ಎಂದರು. ಉತ್ತರ ಪತ್ರಿಕೆ ತಿದ್ದಲು ಇಟ್ಟುಕೊಂಡ ಭೂತಗನ್ನಡಿ ನನ್ನ ಚೀಲದಲ್ಲಿ ಸದಾ ಇರುತ್ತದೆ. ಹಿಡಿದು ನೋಡಿದೆ. ಮೂರು ಅಂಕಿ, ಒಂದು ವಾರೆ, ಒಂದು ನೆಟ್ಟಗೆ. ಬೇರೆ ಏನೂ ಇರಲಿಲ್ಲ. ‘ಚೌಕದೊಳಗೊಂದು ಚೌಕ ಇದೆಯಾ?’ ‘ಇಲ್ಲ.’ ‘ಹಾಗಾದರೆ ಇದು ಮಿಕುನಿಯವರದ್ದಲ್ಲ.’ ನಮ್ಮ ಗಾಡಿಯ ಕಾರ್ಬುರೇಟರ್ ಜಪಾನಿನ ಮಿಕುನಿಯವರ ವಿನ್ಯಾಸದ್ದು. ಅವರ ಜೆಟ್ಟಿನ ತಲೆಯ ಮೇಲೆ ಸಂಖ್ಯೆಯ ಜೊತೆ ಒಂದು ಚೌಕದೊಳಗೆ ಇನ್ನೊಂದು ಚೌಕದ ಸಣ್ಣ ಗುರುತು ಹೊಡೆದಿರುತ್ತಾರೆ. ನಮ್ಮ ಹಳ್ಳಿಯ ಕಡೆ ಪಾತ್ರೆಯ ಕಂಠಕ್ಕೆ ಹೆಸರು ಕೊರೆಸುವ ಹಾಗೆ. ಸಂಖ್ಯೆಯಂತೂ ಗಾಡಿಗೆ ಇರಬೇಕಾದ್ದಕ್ಕಿಂತ 15 ಹೆಚ್ಚಿತ್ತು.

ಆದರೆ ಒಂದೇ ಒಂದು ಜೆಟ್ಟು ನೋಡಿ ತೀರ್ಮಾನಕ್ಕೆ ಬರಬಾರದಂತೆ. ಕಳೆದುಹೋದ ಜೆಟ್ಟಿಗೆ ಬದಲಾಗಿ ಯಾರೋ ಕೈಗೆ ಸಿಕ್ಕಿದ್ದು ಹಾಕಿರಬಹುದು. ಮೇಸ್ತ್ರಿ ನೀಡಲ್ ಹೊರಗೆಳೆದರು. ಕಂಪನಿಯ ನೀಡಲಿನ ಮೇಲ್ತುದಿಯಲ್ಲಿ ಅಂಕಿಯೂ ಅಕ್ಷರವೂ ಕೂಡಿದ ಒಂದು ಗುರುತು ಇರುತ್ತದೆ. ಇದು ಬೋಳು. ನೀಡಲಿನ ಕುತ್ತಿಗೆಯಲ್ಲಿ ಮೆಟ್ಟಿಲಿನ ಹಾಗೆ ಗೀರುಗಳು, ಒಂದು ಗೀರಿಗೆ ಸಿಕ್ಕಿಸಿದ ಪುಟ್ಟ ಕ್ಲಿಪ್ಪು. ಕ್ಲಿಪ್ಪು ಕೆಳಗಿನ ಮೆಟ್ಟಿಲಿಗಿಳಿದಷ್ಟೂ ನೀಡಲ್ ಮೇಲಕ್ಕೆ ಏರುತ್ತದೆ. ಇದರಲ್ಲಿ ತೀರ ಕೆಳಗಿನ ಮೆಟ್ಟಿಲಿಗೆ ಸಿಕ್ಕಿಸಿದ್ದರು. ‘ಜೆಟ್ಟೂ ಬೇರೆ, ನೀಡಲೂ ಬೇರೆ, ಎರಡೂ ಒಂದೇ ಬಣ್ಣದ ಹೊಸ ಮಾಲು. ಇದು ಕಿಟ್ಟು, ಟೀಚರಮ್ಮ. ಡಬ್ಬೀಲಿ ಬರುತ್ತೆ. ನಲವತ್ತೈದು ಮೂವತ್ತಮೂರು ಆಗಿದ್ದು ಜೆಟ್ಟಿನಿಂದ ಅಲ್ಲ, ಈ ಕ್ಲಿಪ್ಪಿನಿಂದ. ಸಾರು ಫುಲ್ ಆಕ್ಸಿಲೇಟರ್ ಯಾವತ್ತು ಕೊಟ್ಟಿದ್ದರು?’ ಮೂವತ್ತಮೂರು ಎಂಬ ಸಂಖ್ಯೆ ಅವರಿಗೂ ನೆನಪಿತ್ತು.

ಇಂಥ ಕಿಟ್ಟುಗಳ ವಿಷಯ ಆಮೇಲೆ ನಾನು ಅವರಿವರನ್ನು ಕೇಳಿ ತಿಳಿದುಕೊಂಡೆ. ಗಾಡಿ ಮಾಡಿದ ಕಂಪನಿಯಲ್ಲದೆ ಬೇರೆಯವರು ಮಾಡಿ ಮಾರುವ ಭಾಗಗಳಿವು. ಹೊರದೇಶಗಳಲ್ಲಿ ಇದು ಮರ್ಯಾದಸ್ಥ ವ್ಯಾಪಾರವೇ. ಅಮೆರಿಕದ ಡೈನೋಜೆಟ್ ಎಂಬವರದು ಹೆಸರಾದ ಕಿಟ್ಟು. ಬೇರೆ ಬೇರೆ ಅಳತೆಯ ನಾಲ್ಕಾರು ಮೇನ್ ಜೆಟ್ಟು, ಮೆಟ್ಟಿಲು ಕೊರೆದ ನೀಡಲ್, ಕ್ಲಿಪ್ಪು, ತೆಳು ವಾಷರು ಒಂದು ಪೊಟ್ಟಣದಲ್ಲಿರುತ್ತವೆ. ಕೆಲವದರಲ್ಲಿ ಸ್ಪ್ರಿಂಗೂ, ಒಳಗಿನ ತೂತು ಹಿಗ್ಗಿಸಲು ಬೈರಿಗೆಯೂ ಇರುತ್ತವೆ. ಸೈಲೆನ್ಸರನ್ನೂ ಗಾಳಿಯ ಫಿಲ್ಟರನ್ನೂ ಬದಲಾಯಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ಬಿಟ್ಟವರು ಅದಕ್ಕೆ ತಕ್ಕಷ್ಟು ಪೆಟ್ರೋಲ್ ಕೊಡಲು ಇದನ್ನು ಹಾಕುತ್ತಾರೆ. ಹಿಟ್ಟು ಹೆಚ್ಚು ಹಾಕಿದವಳು ನೀರೂ ಹೆಚ್ಚು ಹಾಕಬೇಕಲ್ಲ. ಇನ್ನೊಂದು ತಮಾಷೆಯೆಂದರೆ ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ಹೊಂದುವುದಿಲ್ಲ. ಕೈಹಿನ್ ಎಂಬವರ ಜೆಟ್ಟಿನಲ್ಲಿ 100 ಎಂದಿದ್ದರೆ ತೂತಿನ ಅಗಲ ಒಂದು ಮಿಲಿಮೀಟರ್ ಎಂದರ್ಥ. ಮಿಕುನಿಯವರು ಎಷ್ಟು ಪೆಟ್ರೋಲ್ ಹರಿಯುತ್ತದೆ ಎಂಬ ಲೆಕ್ಕದಲ್ಲಿ ಸಂಖ್ಯೆ ಕೊಡುತ್ತಾರೆ. ಡೈನೋಜೆಟ್ಟಿನವರದು ಅವರದೇ ಲೆಕ್ಕ. ಎರಡು ಬೋರ್ಡಿನ ಅಂಕಪಟ್ಟಿ ಪಕ್ಕದಲ್ಲಿಟ್ಟು ಯಾವ ಹುಡುಗ ಜಾಣ ಎಂದು ಹೇಳಹೊರಟ ಹಾಗೆ. ಸಾಲದ್ದಕ್ಕೆ ನಮ್ಮ ಕಡೆ ಕೆಲವರು ಹಳೆಯ ಜೆಟ್ಟನ್ನೇ ತಂತಿಯಲ್ಲಿ ಉಜ್ಜಿ ತೂತು ದೊಡ್ಡದು ಮಾಡುತ್ತಾರಂತೆ. ಮೇಲಿನ ಸಂಖ್ಯೆ ಒಂದು, ಒಳಗಿನ ತೂತು ಇನ್ನೊಂದು. ಅದಕ್ಕೇ ಮೇಸ್ತ್ರಿ ಬೆಳಕಿಗೆ ಹಿಡಿದು ತೂತಿನ ಅಂಚು ನೋಡುತ್ತಾರೆ. ಕಂಪನಿಯದರ ಅಂಚು ನುಣುಪು, ಉಜ್ಜಿದ್ದರದು ಗೀರುಗೀರು.

ನಮ್ಮ ಗಾಡಿಯ ಫಿಲ್ಟರೂ ಸೈಲೆನ್ಸರೂ ಹಳೆಯವೇ ಇದ್ದವು. ‘ಅರ್ಧ ಕೆಲಸ ಮಾಡಿದ್ದಾರೆ. ಸ್ಪೀಡೂ ಹೆಚ್ಚಿರಲ್ಲ, ಬರೀ ಹೊಗೆ’ ಎಂದು ಮೇಸ್ತ್ರಿ ಕಾರ್ಬುರೇಟರಿನ ಮೇಲೆ ಬಟ್ಟೆ ಮುಚ್ಚಿದರು. ಆಮೇಲೆ ಹೇಳಿದರು, ‘ದೊಡ್ಡ ಜೆಟ್ಟು ಹಾಕಿದ್ದು ಪುಣ್ಯ. ಚಿಕ್ಕದು ಹಾಕಿದ್ದಿದ್ದರೆ ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳೋದು. ಜೋರಾಗಿ ಹೋಗ್ತಾ ಇರುವಾಗ ಹಿಡಿದುಕೊಂಡರೆ ಹಿಂದಿನ ಚಕ್ರ ನಿಂತೇ ಹೋಗುತ್ತೆ.’ ಹಾಕಿದ್ದು ಯಾರೆಂದು ಅವರು ಕೇಳಲಿಲ್ಲ. ನಾನು ಎದ್ದೆ. ‘ಸಂಜೆ ಬರ್ತೀನಿ ಮೇಸ್ತ್ರಿ’ ಎಂದೆ.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಗುಂಡಿ ಡಬ್ಬಿಯನ್ನು ಮಂಚದ ಮೇಲೆ ಸುರಿದೆ. ಇತ್ತು. ಭೂತಗನ್ನಡಿ ಹಿಡಿದೆ. ಹದಿನಾರು ವರ್ಷದಲ್ಲಿ ಬಣ್ಣ ಮಾಸಿ ಹುಣಸೆಹಣ್ಣು ಕಾಣದ ದೀಪದ ಕಂಬದ ಹಾಗಾಗಿತ್ತು. ಸೀರೆಯ ಸೆರಗಿನಿಂದ ಉಜ್ಜಿದೆ. ಚೌಕದೊಳಗೊಂದು ಚೌಕ.

ಇನ್ನು ಅದು ಡಬ್ಬಿಗೆ ಬಂದ ಬಗೆ ಹೇಳಬೇಕು. 2008ರ ಏಪ್ರಿಲ್‌ನಲ್ಲಿ ಮಗ ಪಿಯುಸಿ ಪರೀಕ್ಷೆ ಮುಗಿಸಿ ಸಿಇಟಿಗೆ ಓದುತ್ತಿದ್ದ. ಅಪ್ಪ ಬ್ಯಾಂಕಿಗೆ ನಡೆದು ಹೋಗುವ ದಿನ ಗಾಡಿಯ ಕೀಲಿ ಗೂಟದಲ್ಲಿ ತೂಗುತ್ತಿರುತ್ತಿತ್ತು. ಒಂದು ದಿನ ಬಟ್ಟೆ ನೆನೆಹಾಕುವ ಮುಂಚೆ ಜೇಬು ನೋಡುವಾಗ ಅವನ ಪ್ಯಾಂಟಿನಲ್ಲಿ ಈ ಹಿತ್ತಾಳೆ ಸಿಕ್ಕಿತು. ಪ್ಯಾಂಟಿಗೆ ಪೆಟ್ರೋಲ್ ವಾಸನೆ ಇತ್ತು. ಅದೇ ವಾರ ಹಾಲಿನವರಿಗೆಂದು ಇಟ್ಟ ದುಡ್ಡಿನಲ್ಲಿ ಕಡಿಮೆಯಾಗಿತ್ತು. ಹಿತ್ತಾಳೆಯನ್ನು ಡಬ್ಬಿಗೆ ಹಾಕಿದೆ. ಗೇಟಿನ ಹತ್ತಿರ ಜಗಳವಾದ ಸಂಜೆ ಊಟಕ್ಕೆ ಕೂತಾಗ ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ. ‘ಅನ್ನ ಹಾಕಲೇನೋ?’ ಎಂದರೆ ಕೈ ಅಡ್ಡ ಇಟ್ಟ.

ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಬಹುದು. ಕಾರ್ಬುರೇಟರ್ ಎಂದರೇನೆಂದೂ ನನಗೆ ತಿಳಿದಿರಲಿಲ್ಲ, ಅದು ನಿಜ. ಆದರೆ ಕೇಳಿದರೆ ಗೊತ್ತಾಗುತ್ತದೆ ಎಂಬುದು ಗೊತ್ತಿತ್ತು. ಕೇಳಲಿಲ್ಲ. ಸಿಇಟಿ ಮುಂದಿನ ತಿಂಗಳಿತ್ತು. ಹುಡುಗನ ಮನಸ್ಸು ಕೆಡುವುದು ಬೇಡ, ಅಪ್ಪನ ಕೈಗೆ ಸಿಕ್ಕರೆ ಬಿಡುವುದಿಲ್ಲ, ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಪರೀಕ್ಷೆ ಮುಗಿಯಿತು, ಸೀಟು ಸಿಕ್ಕಿತು, ಹಾಸ್ಟೆಲಿಗೆ ಹೋದ. ಆಮೇಲೆ ಹೇಳುವುದಕ್ಕೆ ಬಹಳ ತಡವಾಗಿದೆ ಎನಿಸಿತು. ತರಗತಿಯಲ್ಲಿ ಯಾರದೋ ಪೆನ್ನು ಕಳೆದರೆ ಬಡವರ ಮನೆಯ ಹುಡುಗನ ಚೀಲವನ್ನೇ ಮೊದಲು ನೋಡಬೇಡಿ ಎಂದು ಹೊಸ ಟೀಚರುಗಳಿಗೆ ಹೇಳುವವಳು ನಾನು.

ಸಂಜೆ ಜೆಟ್ಟನ್ನೂ ನಮ್ಮವರ ಪುಸ್ತಕವನ್ನೂ ತೆಗೆದುಕೊಂಡು ಹೋದೆ. ಜೆಟ್ಟನ್ನು ಅವರ ಅಂಗೈಗೆ ಹಾಕಿ, ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು ಎಲ್ಲ ಹೇಳಿದೆ. ‘ತಪ್ಪಾಯಿತು ಮೇಸ್ತ್ರಿ, ನಮ್ಮವರದೂ ನನ್ನದೂ’ ಎಂದೆ. ಅವರು ‘ಹೋಗಲಿ ಬಿಡಿ’ ಎನ್ನುತ್ತಾರೆಂದು ನಾನು ಕಾದಿದ್ದೆ ಎಂದು ಕಾಣುತ್ತದೆ, ಯಾಕೆಂದರೆ ಅವರು ಹಾಗೆ ಅನ್ನದಿದ್ದಾಗ ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

‘ಸಾರು ಬ್ಯಾಂಕಿನಲ್ಲೂ ಹೇಳಿದರು ಟೀಚರಮ್ಮ. ಆ ಬ್ಯಾಂಕಿನ ಒಂಬತ್ತು ಗಾಡಿ ನನ್ನ ಹತ್ತಿರ ಬರ್ತಾ ಇದ್ದವು. ಆಮೇಲೆ ಒಂದೂ ಬರಲಿಲ್ಲ. ಅದೇ ವರ್ಷ ದೊಡ್ಡ ಮಗಳ ಮದುವೆ ಇತ್ತು’ ಎಂದರು. ಅಷ್ಟೇ. ದನಿ ಏರಿಸಲಿಲ್ಲ. ಜೆಟ್ಟನ್ನು ಪೆಟ್ರೋಲಿನಲ್ಲಿ ತೊಳೆದು, ಊದಿ, ಬೆಳಕಿಗೆ ಹಿಡಿದು ನೋಡಿ, ಕೂರಿಸತೊಡಗಿದರು. ಕಂಪನಿಯ ನೀಡಲ್ ಸಿಕ್ಕಿರಲಿಲ್ಲ. ತಮ್ಮ ಹಳೆಯ ಸಾಮಾನಿನ ಡ್ರಾಯರಿನಲ್ಲಿ ಹುಡುಕಿ ಬೇರೆ ಆರ್‌ಎಕ್ಸಿನದೊಂದನ್ನು ಹಾಕಿ ಕ್ಲಿಪ್ಪನ್ನು ನಡುವಿನ ಮೆಟ್ಟಿಲಿಗೆ ಸಿಕ್ಕಿಸಿದರು. ಅವರಿಗೂ ಒಂದು ಗುಂಡಿ ಡಬ್ಬಿ ಇದೆ.

ನಾಲ್ಕನೆಯ ಒದೆತಕ್ಕೆ ಗಾಡಿ ಎದ್ದಿತು. ಐದು ವರ್ಷದ ಮೇಲೆ ಆ ಸದ್ದು ಕೇಳಿ ನನಗೆ ಒಮ್ಮೆ ಬಾಗಿಲ ಕಡೆ ನೋಡುವಂತಾಯಿತು.

ಕೂಲಿ ಎಷ್ಟು ಎಂದು ಕೇಳಿದೆ. ಚೀಟಿಯಲ್ಲಿ ಬರೆದು ಕೊಟ್ಟರು, ರೂಪಾಯಿ ಹೆಚ್ಚಿಲ್ಲ ಕಡಿಮೆಯಿಲ್ಲ. ಕೊಟ್ಟೆ. ಆಗ ಅವರು ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ, ‘ಅದು ಸಾರಿನ ಲೆಕ್ಕದ ಪುಸ್ತಕ ಅಲ್ಲವಾ? ನನ್ನ ವಿಷಯ ಏನು ಬರೆದಿದ್ದಾರೆ?’ ಎಂದರು. ತೆರೆದು ತೋರಿಸಲು ನನಗೆ ಧೈರ್ಯ ಸಾಲಲಿಲ್ಲ. ಆದರೂ ತೆರೆದೆ. 2008ರ ಏಪ್ರಿಲ್ ಪುಟದ ಷರಾದಲ್ಲಿ ‘ಮೇಸ್ತ್ರಿಯ ಮೋಸ’ ಎಂದಿತ್ತು, ಕೆಳಗೆ ಎರಡು ಗೆರೆ. ಅವರಿಗೆ ಕನ್ನಡ ಓದಲು ಬರುತ್ತದೆ. ಓದಿದರು. ‘ನಿಮ್ಮ ಹತ್ತಿರ ಕೆಂಪು ಪೆನ್ನು ಇರುತ್ತಲ್ಲ, ಅದರಲ್ಲೇ ಬರೀರಿ’ ಎಂದರು. ಸ್ಟೂಲಿನ ಮೇಲೆ ಕೂತು ಬರೆದೆ. ಎರಡು ಪದಗಳನ್ನು ಹೊಡೆದುಹಾಕಿ, ಪಕ್ಕದಲ್ಲಿ ಕಿಟ್ಟಿನ ಜೆಟ್ಟಿನ ಸಂಖ್ಯೆ, ನೀಡಲಿಗೆ ಗುರುತಿಲ್ಲದ್ದು, ಕ್ಲಿಪ್ಪಿನ ಮೆಟ್ಟಿಲು, ಹಾಕಿದವನ ಹೆಸರು, ಮುಚ್ಚಿಟ್ಟವಳ ಹೆಸರು. ದಿನಾಂಕ ಹಾಕಿ ಸಹಿ ಮಾಡಿದೆ. ಅವರು ಇನ್ನೊಮ್ಮೆ ಓದಿ, ತಲೆಯಾಡಿಸಿ, ಅಂಗಡಿಯ ದೀಪ ಹಾಕಿದರು.

ಮಗನಿಗೆ ಆ ರಾತ್ರಿ ಫೋನಿನಲ್ಲಿ ಹೇಳಿದ್ದು ಇಷ್ಟೇ: ‘ನಿನ್ನ ಪ್ಯಾಂಟಿನ ಜೇಬಿನಲ್ಲಿ ಸಿಕ್ಕಿದ್ದು ನನ್ನ ಹತ್ತಿರವೇ ಇತ್ತು.’ ಬಹಳ ಹೊತ್ತು ಮಾತಿರಲಿಲ್ಲ. ‘ಗೆಳೆಯನ ಅಣ್ಣ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದುಕೊಟ್ಟಿದ್ದಮ್ಮ. ಸ್ಪೀಡು ಒಂದು ಕಿಲೋಮೀಟರೂ ಜಾಸ್ತಿ ಆಗಲಿಲ್ಲ. ವಾಪಸು ಹಾಕೋಣ ಅಂದರೆ ಹಳೆಯ ಜೆಟ್ಟು ಸಿಗಲೇ ಇಲ್ಲ. ಎಲ್ಲಾ ಕಡೆ ಹುಡುಕಿದೆ’ ಎಂದ. ಅವನು ಮನೆಯೆಲ್ಲ ಹುಡುಕುತ್ತಿದ್ದಾಗ ನಾನು ಅಲ್ಲೇ ಹೊಲಿಗೆ ಯಂತ್ರದ ಮುಂದೆ ಕೂತಿದ್ದೆನೋ ಏನೋ.

ಶನಿವಾರದ ರೈಲಿಗೆ ಬಂದ. ಸ್ಟೇಷನ್ನಿನಿಂದ ನೇರ ಮನೆಗೆ ಬರಲಿಲ್ಲ, ಒಂದು ಗಂಟೆ ತಡವಾಯಿತು. ಮೇಸ್ತ್ರಿಯ ಅಂಗಡಿ ಆ ದಾರಿಯಲ್ಲೇ ಇದೆ. ಏನು ಮಾತಾದರು ಎಂದು ನಾನು ಕೇಳಲಿಲ್ಲ. ಗಾಡಿ ಕೊಳ್ಳಬೇಕೆಂದಿದ್ದವರಿಗೆ ನೀಡಲ್ ಬೇರೆ ಗಾಡಿಯದೆಂದು ಅವನೇ ಬರೆದು ತಿಳಿಸಿದ. ಅವರು ಯೋಚಿಸಿ ಹೇಳುತ್ತೇವೆ ಎಂದಿದ್ದಾರೆ. ಕಿಟ್ಟಿನ ಜೆಟ್ಟು, ಬೋಳು ನೀಡಲ್ ಎರಡನ್ನೂ ಮೇಸ್ತ್ರಿ ಒಂದು ಕಾಗದದಲ್ಲಿ ಕಟ್ಟಿಕೊಟ್ಟಿದ್ದರು. ಗುಂಡಿ ಡಬ್ಬಿಯಲ್ಲಿ ಹಾಕಿಟ್ಟಿದ್ದೇನ�ೆ. ಯಾರಾದರೂ ಇದೇನು ಎಂದು ಕೇಳಿದರೆ ಈಗ ಹೇಳಬಲ್ಲೆ.